ಹೊಲದ ಮೇಲೆ ಹಾಯುವ ತಂತಿ: ರೈತನು ಕೇಳಬೇಕಾದ ಮಾತು



ಹೋದ ಹಿಂಗಾರಿನಲ್ಲಿ ನಮ್ಮ ಬ್ಲಾಕಿನ ಒಂದು ಹಳ್ಳಿಗೆ ಜೋಳದ ಬೆಳೆ ನೋಡಲು ಹೋಗಿದ್ದೆ. ಬಾವಿಯ ಮಗ್ಗುಲಲ್ಲಿ ಕೆಂಪು ಬಣ್ಣ ಬಳಿದ ಗೂಟಗಳು ಕಂಡವು. "ಇದೇನು ಯಜಮಾನರೇ?" ಎಂದು ಕೇಳಿದೆ. "ಯಾರೋ ಜೀಪಿನಲ್ಲಿ ಬಂದು ನೆಟ್ಟು ಹೋದರು ಸ್ವಾಮಿ. ದೊಡ್ಡ ಕರೆಂಟಿನ ತಂತಿ ಬರುತ್ತದಂತೆ. ನಿಮಗೆ ತಿಳಿದಿರಬೇಕಲ್ಲ?" ಎಂದರು. ನನಗೆ ತಿಳಿದಿರಲಿಲ್ಲ. ಎಕರೆಗೆ ಎಷ್ಟು ಗೊಬ್ಬರವೆಂದು ಡಿಪ್ಲೊಮಾದಲ್ಲಿ ಕಲಿತಿದ್ದೆನೇ ಹೊರತು, ಹೊಲಕ್ಕೆ ಗೋಪುರ ಬಂದರೆ ಯಾರನ್ನು ಕೇಳಬೇಕೆಂದು ಕಲಿತಿರಲಿಲ್ಲ. ಆ ಮೇಲೆ ಓದಿ, ವಿಚಾರಿಸಿ ತಿಳಿದುಕೊಂಡುದನ್ನು ಇಲ್ಲಿ ಬರೆದಿದ್ದೇನೆ.

ಇಷ್ಟು ವಿದ್ಯುತ್ತು ಯಾರಿಗೆ?

ಊರಿನ ದೀಪ, ಪಂಪು, ಕಾರ್ಖಾನೆಗಳಿಗೆ ವಿದ್ಯುತ್ತು ಬೇಕು. ಇತ್ತೀಚೆಗೆ ಇವುಗಳ ಸಾಲಿಗೆ ಇನ್ನೊಂದು ದೊಡ್ಡ ಗಿರಾಕಿ ಸೇರಿದೆ. ಅದೇ ಡೇಟಾ ಸೆಂಟರ್. ನಾವು ಫೋನಿನಲ್ಲಿ ಕಳಿಸುವ ಚಿತ್ರ, ಬ್ಯಾಂಕಿನ ಲೆಕ್ಕ, ಪಹಣಿಯ ದಾಖಲೆ ಎಲ್ಲವೂ ಎಲ್ಲೋ ಒಂದು ಕಡೆ ಕಂಪ್ಯೂಟರಿನಲ್ಲಿ ಇರಲೇಬೇಕು. ಅಂಥ ಸಾವಿರಾರು ಕಂಪ್ಯೂಟರುಗಳನ್ನು ಒಂದೆಡೆ ಸಾಲಾಗಿ ಜೋಡಿಸಿದ ಕಟ್ಟಡವೇ ಡೇಟಾ ಸೆಂಟರ್. ಅವು ಹಗಲಿರುಳು ಓಡುತ್ತವೆ, ಕಾಯುತ್ತವೆ. ತಣ್ಣಗಿಡಲು ಮತ್ತಷ್ಟು ವಿದ್ಯುತ್ತು ಬೇಕು.

ಇದರ ಅಳತೆ ನಮ್ಮ ಲೆಕ್ಕದಲ್ಲಿ ಹೀಗಿದೆ. 5 ಅಶ್ವಶಕ್ತಿಯ ಪಂಪಿನ ಶಕ್ತಿ ಸುಮಾರು 3.7 ಕಿಲೋವ್ಯಾಟ್. 100 ಮೆಗಾವ್ಯಾಟಿನ ಒಂದು ಕೇಂದ್ರವೆಂದರೆ ಅಂಥ 27,000 ಪಂಪುಗಳು ಒಟ್ಟಿಗೆ, ಬಿಡುವಿಲ್ಲದೆ ಓಡಿದಂತೆ. 2024ರಲ್ಲಿ ಲೋಕದ ವಿದ್ಯುತ್ತಿನಲ್ಲಿ ನೂರಕ್ಕೆ ಸುಮಾರು ಒಂದೂವರೆ ಪಾಲು ಇವುಗಳಿಗೆ ಹೋಯಿತು. 2030ರ ಹೊತ್ತಿಗೆ ಈ ಬಳಕೆ ಇಮ್ಮಡಿಗಿಂತ ಹೆಚ್ಚಾಗುವುದೆಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜು. ಅಷ್ಟನ್ನು ಹೊತ್ತು ತರಲು ದೊಡ್ಡ ತಂತಿ ಬೇಕು. ತಂತಿಗೆ ದಾರಿ ಬೇಕು. ಆ ದಾರಿ ಬಹಳ ಕಡೆ ಹೊಲದ ಮೇಲೆಯೇ ಹಾಯುತ್ತದೆ.

ಮೇರಿಲ್ಯಾಂಡಿನ ರೈತರು

ಅಮೆರಿಕದ ವರ್ಜೀನಿಯಾ ರಾಜ್ಯದ ಉತ್ತರ ಭಾಗದಲ್ಲಿ ಡೇಟಾ ಸೆಂಟರುಗಳು ದಟ್ಟವಾಗಿವೆ. ಪಕ್ಕದ ಮೇರಿಲ್ಯಾಂಡ್ ರಾಜ್ಯದ ಮೂರು ಕೌಂಟಿಗಳ ಮೇಲೆ, ಅಂದರೆ ನಮ್ಮ ಜಿಲ್ಲೆಗಳಂಥ ಪ್ರದೇಶಗಳ ಮೇಲೆ, ಸುಮಾರು 108 ಕಿಲೋಮೀಟರ್ ಉದ್ದದ, 500 ಕಿಲೋವೋಲ್ಟಿನ ತಂತಿ ಎಳೆಯಲು ಒಂದು ಕಂಪನಿ 2024ರ ಕೊನೆಯಲ್ಲಿ ಅರ್ಜಿ ಹಾಕಿತು. "ವಿದ್ಯುತ್ತು ಅವರಿಗೆ, ಗೋಪುರ ನಮ್ಮ ಹೊಲಕ್ಕೆ, ಇದು ಯಾವ ನ್ಯಾಯ?" ಎಂಬುದು ಅಲ್ಲಿನ ರೈತರ ಪ್ರಶ್ನೆ. ಹಲವರು ಸರ್ವೆಯವರನ್ನು ಹೊಲದೊಳಗೆ ಬಿಡಲಿಲ್ಲ. 2025ರಲ್ಲಿ ಕಂಪನಿ ನೂರಕ್ಕೂ ಹೆಚ್ಚು ಭೂಮಾಲೀಕರ ಮೇಲೆ ದಾವೆ ಹೂಡಿತು. ಜೂನಿನಲ್ಲಿ ನ್ಯಾಯಾಲಯವು ಸರ್ವೆಗೆ ಅವಕಾಶ ಕೊಟ್ಟಿತು.

ಆದರೆ ಸರ್ವೆಗೆ ಅನುಮತಿ ಎಂದರೆ ಗೋಪುರ ಕಟ್ಟಲು ಅನುಮತಿಯಲ್ಲ. ಅಲ್ಲಿ ರಾಜ್ಯದ ಸಾರ್ವಜನಿಕ ಸೇವಾ ಆಯೋಗವು ಬಹಿರಂಗ ವಿಚಾರಣೆ ನಡೆಸಿ, ತಂತಿ ನಿಜಕ್ಕೂ ಅವಶ್ಯವೇ, ದಾರಿ ಸರಿಯೇ ಎಂದು ಪರಿಶೀಲಿಸಿ ಪ್ರಮಾಣಪತ್ರ ಕೊಡಬೇಕು. ರೈತನೂ ಅಲ್ಲಿ ನಿಂತು ಮಾತನಾಡಬಹುದು.

ಇಂಥ ಆಯೋಗದ ಕೈಯಲ್ಲಿ ಏನಾಗುತ್ತದೆ ಎನ್ನುವಿರಾ? ಒಹೈಯೋ ರಾಜ್ಯದ ಆಯೋಗವು 2025ರ ಜುಲೈನಲ್ಲಿ ಒಂದು ವಿದ್ಯುತ್ ಕಂಪನಿಯ ಪ್ರದೇಶಕ್ಕೆ ಹೊಸ ನಿಯಮ ಮಾಡಿತು. 25 ಮೆಗಾವ್ಯಾಟಿಗಿಂತ ದೊಡ್ಡದಾದ ಹೊಸ ಡೇಟಾ ಸೆಂಟರು, ತಾನು ಕೇಳಿಕೊಂಡ ವಿದ್ಯುತ್ತಿನಲ್ಲಿ ನೂರಕ್ಕೆ 85 ಪಾಲಿನ ಹಣವನ್ನು ಬಳಸಲಿ ಬಿಡಲಿ ಕಟ್ಟಲೇಬೇಕು. ಹೆಚ್ಚು ಬೇಕೆಂದು ಹೇಳಿ ತಂತಿ ಹಾಕಿಸಿ, ಆ ಮೇಲೆ ಬಾರದೆ ಹೋದರೆ, ಅದರ ಖರ್ಚು ಬಡವನ ಬಿಲ್ಲಿನ ಮೇಲೆ ಬೀಳಬಾರದೆಂಬುದು ಇದರ ಉದ್ದೇಶ.

ನಮ್ಮಲ್ಲಿ ಹೇಗೆ?

ಬೆಂಗಳೂರಿನಲ್ಲಿಯೂ ಡೇಟಾ ಸೆಂಟರುಗಳಿವೆ. ನಮ್ಮ ಹಳ್ಳಿಯ ತಂತಿ ಅವಕ್ಕಾಗಿಯೇ ಎಂದು ನಾನು ಹೇಳುತ್ತಿಲ್ಲ. ಯಾರಿಗಾಗಿಯೇ ಇರಲಿ, ಕೇಳುವ ದಾರಿ ಒಂದೇ. ನಮ್ಮ ಮನೆಯ ದೀಪವೂ ಯಾರದೋ ಹೊಲದ ಮೇಲೆ ಹಾದು ಬಂದುದೇ. ಆದುದರಿಂದ ತಂತಿಯೇ ಬೇಡವೆನ್ನುವುದು ಸಲ್ಲದು. 2003ರ ವಿದ್ಯುಚ್ಛಕ್ತಿ ಕಾಯಿದೆಯ 164ನೆಯ ಕಲಮಿನಂತೆ ಸರ್ಕಾರದಿಂದ ಅಧಿಕಾರ ಪಡೆದ ಸಂಸ್ಥೆಯು ಜಮೀನಿನವನ ಒಪ್ಪಿಗೆ ಇಲ್ಲದೆಯೂ ಗೋಪುರ ನೆಡಬಹುದು. ಆದರೆ ನಷ್ಟ ತುಂಬಿಕೊಡಲೇಬೇಕು. ಜಮೀನು ರೈತನ ಹೆಸರಿನಲ್ಲಿಯೇ ಉಳಿಯುತ್ತದೆ.

ಕೇಂದ್ರ ಸರ್ಕಾರವು 2024ರ ಜೂನಿನಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ಗೋಪುರದ ಬುಡದ ಜಾಗಕ್ಕೆ ಭೂಮಿಯ ಬೆಲೆಯ ಎರಡರಷ್ಟು, ತಂತಿಯ ಕೆಳಗಿನ ಪಟ್ಟಿಗೆ ಬೆಲೆಯ ನೂರಕ್ಕೆ 30 ಪಾಲು ಪರಿಹಾರ ಸಲ್ಲಬೇಕು. ಗೋಪುರದ ನಾಲ್ಕು ಕಾಲುಗಳ ನಡುವಣ ಜಾಗಕ್ಕೆ ಸುತ್ತ ಒಂದೊಂದು ಮೀಟರ್ ಸೇರಿಸಿ ಬುಡವನ್ನು ಅಳೆಯಬೇಕು. ಇದನ್ನು ಜಾರಿಗೆ ತರುವುದು ರಾಜ್ಯಗಳ ಕೈಯಲ್ಲಿದೆ. ನಿಮ್ಮ ತಂತಿಗೆ ಯಾವ ದರವೆಂದು ಜಿಲ್ಲಾಧಿಕಾರಿಗಳ ಕಛೇರಿಯಲ್ಲಿ ಬರಹದಲ್ಲಿ ಕೇಳಿರಿ.

ಖರ್ಚಿನ ಮಾತಿಗೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವಿದೆ. ದರ ಏರಿಸಲು ಅರ್ಜಿ ಬಂದಾಗ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಗೊತ್ತಾದ ದಿನದೊಳಗೆ ಯಾರು ಬೇಕಾದರೂ ಆಕ್ಷೇಪಣೆ ಬರೆಯಬಹುದು. ಬಂದ ಆಕ್ಷೇಪಣೆಗಳನ್ನು ಪರಿಶೀಲಿಸದೆ ಆಯೋಗವು ದರ ನಿಗದಿ ಮಾಡುವಂತಿಲ್ಲ.

ಗೂಟ ಕಂಡ ಕೂಡಲೇ ಮಾಡಬೇಕಾದುದು

1. ಬಂದವರ ಹೆಸರು, ಸಂಸ್ಥೆ, ಆದೇಶದ ಸಂಖ್ಯೆ ಕೇಳಿ ಬರೆದುಕೊಳ್ಳಿ.
2. ಓದಿಸಿಕೊಳ್ಳದೆ ಯಾವ ಕಾಗದಕ್ಕೂ ಸಹಿ ಅಥವಾ ಹೆಬ್ಬೆಟ್ಟು ಹಾಕಬೇಡಿ.
3. ಬಾವಿ, ಮರ, ಬೆಳೆಗಳ ಲೆಕ್ಕ ಬರೆದು ಚಿತ್ರ ತೆಗೆದಿಡಿ. ಬೆಳೆ, ಮರಗಳ ಪರಿಹಾರ ಬೇರೆಯೇ.
4. ದಾರಿ ಬದಲಿಸುವ ಅರ್ಜಿಯನ್ನು ಗೋಪುರದ ಗುಂಡಿ ತೋಡುವ ಮೊದಲೇ ಕೊಡಿ. ನಕಲಿನ ಮೇಲೆ ಮೊಹರು ಹಾಕಿಸಿಕೊಳ್ಳಿ.
5. ಒಬ್ಬೊಬ್ಬರೇ ಹೋಗಬೇಡಿ. ತಂತಿ ಹಾಯುವ ಹೊಲದವರೆಲ್ಲ ಗ್ರಾಮಸಭೆಯಲ್ಲಿ ಕೂಡಿ ಮಾತನಾಡಿ.

ನಮ್ಮ ಯಜಮಾನರ ಬಾವಿಯಿಂದ ಗೋಪುರವನ್ನು ದೂರ ಸರಿಸಬೇಕೆಂದು ಅವರೂ ಅಕ್ಕಪಕ್ಕದ ಹೊಲದ ಏಳು ಮಂದಿಯೂ ಸೇರಿ ಅರ್ಜಿ ಕೊಟ್ಟಿದ್ದಾರೆ. ಉತ್ತರ ಇನ್ನೂ ಬಂದಿಲ್ಲ. ಆದರೆ ಮೊಹರು ಬಿದ್ದ ನಕಲು ಅವರ ಪೆಟ್ಟಿಗೆಯಲ್ಲಿದೆ. ಗೂಟ ಕಂಡವರು ನನಗೂ ಹೇಳಿ ಕಳುಹಿಸಿ. ಅರ್ಜಿ ಬರೆಯಲು ಬರುತ್ತೇನೆ.

— ನಿಮ್ಮ ಗ್ರಾಮಸೇವಕ