ಭಾನುವಾರದ ಬಡಗಿಗಳು

ಮಳೆಗಾಲದಲ್ಲಿ ನಿಮ್ಮ ಮನೆಯ ಬಾಗಿಲು ಬಿಗಿದುಕೊಂಡು, ನೂಕಿದರೂ ಮುಚ್ಚದೆ ಹೋದರೆ ನೀವೇನು ಮಾಡುತ್ತೀರಿ? ಬಡಗಿಗೆ ಹೇಳಿಕಳುಹಿಸುತ್ತೀರಿ. ಆತ ‘ನಾಳೆ ಬರುತ್ತೇನೆ’ ಎನ್ನುತ್ತಾನೆ. ಆ ನಾಳೆ ಬರುವಷ್ಟರಲ್ಲಿ ಮಳೆಗಾಲ ಮುಗಿದು, ಬಾಗಿಲು ತಾನಾಗಿಯೇ ಸರಿಹೋಗಿರುತ್ತದೆ!

ಬಾಗಿಲು ಬಿಗಿದುದೇಕೆ, ಮತ್ತೆ ಸಡಿಲಿದುದೇಕೆ ಎಂಬ ಪ್ರಶ್ನೆ ಬಹಳ ಮಂದಿಗೆ ಹೊಳೆಯುವುದಿಲ್ಲ. ನನಗೂ ಹೊಳೆದಿರಲಿಲ್ಲ. ಮೂವತ್ತೆರಡು ವರ್ಷ ಕಚೇರಿಯ ಮೇಜಿನ ಮುಂದೆ ಕುಳಿತವನು ನಾನು. ಆ ಮೇಜು ಯಾವ ಮರದ್ದೆಂದು ಒಮ್ಮೆಯೂ ವಿಚಾರಿಸಿದವನಲ್ಲ. ನಿವೃತ್ತಿಯಾದ ಮೇಲೆ ಮೈಸೂರಿನ ಮನೆಯ ಹಿತ್ತಿಲಿನಲ್ಲಿ ಒಂದು ಗರಗಸ, ಎರಡು ಉಳಿ, ಒಂದು ಉಜ್ಜುಗೊರಡು ಇಟ್ಟುಕೊಂಡು ಕುಳಿತಾಗಲೇ ಮರವೆಂಬುದು ಏನೆಂದು ತಿಳಿಯತೊಡಗಿತು. ತಿಳಿಸಿದವರು ಪುಸ್ತಕದವರಲ್ಲ, ಚುಂಚನಕಟ್ಟೆಯ ಬಳಿಯ ನಮ್ಮೂರಿನ ವೃದ್ಧ ಬಡಗಿಯೊಬ್ಬರು.

ಮೊದಲ ಮಣೆಯ ಕಥೆ

ನಾನು ಮಾಡಿದ ಮೊದಲ ವಸ್ತು ಒಂದು ಊಟದ ಮಣೆ. ಸಾಮಿಲ್ಲಿನಿಂದ ಒಂದಡಿ ಅಗಲದ ಸಿಲ್ವರ್ ಓಕ್ ಹಲಗೆ ತಂದು, ಅಡಿಗೆ ಅಡ್ಡಲಾಗಿ ಎರಡು ಪಟ್ಟಿಗಳನ್ನಿಟ್ಟು, ಅಂಟು ಸವರಿ, ಮೊಳೆ ಹೊಡೆದು ಬಿಗಿಮಾಡಿದೆ. ಉಪ್ಪುಕಾಗದದಿಂದ ಕನ್ನಡಿಯಂತೆ ಉಜ್ಜಿದೆ. ಮನೆಯವರೆಲ್ಲ ಮೆಚ್ಚಿದರು. ಶಿವರಾತ್ರಿ ಕಳೆದು ಬಿಸಿಲು ಏರಿದ ಒಂದು ಮಧ್ಯಾಹ್ನ ‘ಟಪ್’ ಎಂಬ ಸದ್ದು ಕೇಳಿತು. ಹೋಗಿ ನೋಡಿದರೆ ಮಣೆ ನಟ್ಟನಡುವೆ ಸೀಳಿತ್ತು. ‘ಇನ್ನು ಇಬ್ಬರು ಕೂರಬಹುದು ಬಿಡಿ’ ಎಂದಳು ನನ್ನ ಹೆಂಡತಿ.

ಊರಿಗೆ ಹೋದಾಗ ಆ ಮಣೆಯನ್ನು ಆಚಾರ್ರ ಮುಂದಿಟ್ಟೆ. ಅವರು ಅದನ್ನು ತಿರುವಿ ನೋಡಿ ನಕ್ಕರು.

“ಹಸಿ ಮರ ಕಣಪ್ಪ ಇದು. ಒಣಗ್ತಾ ಕುಗ್ತದೆ. ಕುಗ್ಗಕ್ಕೆ ನೀನು ಎಡೆ ಎಲ್ಲಿ ಕೊಟ್ಟೆ? ಕೈಕಾಲು ಕಟ್ಟಾಕಿ ನಡಿ ಅಂದ್ರೆ ಯಾರು ನಡೀತಾರೆ?”

ಅವರು ಹೇಳಿದ್ದೇ ಶಾಸ್ತ್ರ. ಹಸಿ ಮರ ಪೂರ್ತಿಯಾಗಿ ಒಣಗುವಾಗ ಉದ್ದದಲ್ಲಿ ಸಾಮಾನ್ಯವಾಗಿ ಶೇಕಡ ಕಾಲು ಭಾಗದಷ್ಟೂ ಕುಗ್ಗುವುದಿಲ್ಲ. ಅಗಲದಲ್ಲಾದರೋ ಅನೇಕ ಜಾತಿಯ ಮರಗಳು ಶೇಕಡ 4ರಿಂದ 8ರಷ್ಟು ಕುಗ್ಗುತ್ತವೆ. ಎಂದರೆ, ಒಂದಡಿ ಅಗಲದ ಹಲಗೆ ಅರ್ಧ ಅಂಗುಲದಿಂದ ಹೆಚ್ಚುಕಡಮೆ ಒಂದು ಅಂಗುಲದವರೆಗೆ ಕಿರಿದಾಗಬಹುದು. ಒಣಗಿದ ಮೇಲೂ ಮರ ಸುಮ್ಮನಿರದು. ಮಳೆಗಾಲದ ತೇವವನ್ನು ಹೀರಿ ಹಿಗ್ಗುತ್ತದೆ, ಬೇಸಗೆಯಲ್ಲಿ ಬಿಟ್ಟುಕೊಟ್ಟು ಕುಗ್ಗುತ್ತದೆ. ನಮ್ಮ ಬಾಗಿಲು ಶ್ರಾವಣದಲ್ಲಿ ಬಿಗಿದು ಮಾಘದಲ್ಲಿ ಸಡಿಲುವ ರಹಸ್ಯ ಇಷ್ಟೇ. ನನ್ನ ಅಡ್ಡಪಟ್ಟಿಗಳು ಉದ್ದದಲ್ಲಿ ಕುಗ್ಗಲೊಲ್ಲವು. ಹಲಗೆ ಅಗಲದಲ್ಲಿ ಕುಗ್ಗದೆ ಬಿಡದು. ಆ ಜಗ್ಗಾಟದಲ್ಲಿ ಮಣೆ ಸೀಳಿತು.

ಉಪಾಯವೂ ಹಳೆಯದೇ. ನಿಮ್ಮ ಮನೆಯಲ್ಲಿ ಅಜ್ಜಿಯ ಕಾಲದ ಮಣೆಯಿದ್ದರೆ ತಿರುವಿ ನೋಡಿರಿ. ಅಡಿಯಲ್ಲಿ ಕಾಲುವೆ ತೋಡಿ, ಪಟ್ಟಿಯನ್ನು ಪಕ್ಕದಿಂದ ಜಾರಿಸಿ ಕೂರಿಸಿದ್ದರೆ, ಹಲಗೆಗೆ ಅತ್ತಿತ್ತ ಸರಿಯಲು ಎಡೆಯಿದೆ ಎಂದರ್ಥ. ಅಷ್ಟು ಕೈಚಳಕವಿಲ್ಲದ ನಮ್ಮಂಥವರು ಪಟ್ಟಿಯ ನಡುವೆ ಒಂದು ತಿರುಪನ್ನು ಬಿಗಿಯಾಗಿ ಹಾಕಿ, ತುದಿಗಳ ತೂತುಗಳನ್ನು ಮಾತ್ರ ಕೊಂಚ ಉದ್ದವಾಗಿ ಕೊರೆದರೆ ಸಾಕು. ಅಂಟು ಬೇಡ. ಹಲಗೆಯನ್ನು ನೆರಳಿನಲ್ಲಿ, ಗಾಳಿಯಾಡುವಂತೆ ನಡುವೆ ರೀಪುಗಳನ್ನಿಟ್ಟು ಒಣಗಿಸಬೇಕು. ಒಂದಂಗುಲ ದಪ್ಪಕ್ಕೆ ಸುಮಾರು ಒಂದು ವರ್ಷವೆಂಬುದು ಬಡಗಿಗಳ ಸ್ಥೂಲ ಲೆಕ್ಕ.

ಐದು ಮನೆಯ ಕೆಲಸಗಳು

ಇದೇ ಹುಚ್ಚಿನ ಇನ್ನೂ ನಾಲ್ವರು ಕ್ರಮೇಣ ಜೊತೆಯಾದರು. ತಿಂಗಳಿಗೊಂದು ಭಾನುವಾರ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತೇವೆ. ಕಾಫಿಯೊಡನೆ ಆ ತಿಂಗಳ ಕೆಲಸಗಳನ್ನೂ ಅವಮಾನಗಳನ್ನೂ ಹಂಚಿಕೊಳ್ಳುವುದು ನಮ್ಮ ಪದ್ಧತಿ.

ನಿವೃತ್ತ ಅಧ್ಯಾಪಿಕೆಯೊಬ್ಬರು ಹಲಸಿನ ಒಂದೇ ಹಲಗೆಯಿಂದ ಮಡಚುವ ವ್ಯಾಸಪೀಠವನ್ನು ಬಿಡಿಸಿದ್ದಾರೆ. ಅದರ ಎರಡು ರೆಕ್ಕೆಗಳು ಬೇರೆಬೇರೆ ತುಂಡುಗಳಲ್ಲ. ಒಂದೇ ಹಲಗೆಯನ್ನು ದಪ್ಪದಲ್ಲಿ ಸೀಳಿ, ನಡುವೆ ಕೀಲನ್ನು ಬೆರಳುಗಳಂತೆ ಕೆತ್ತಿದ್ದು. ಎರಡು ಹಲಗೆಗಳು ಕೆಟ್ಟವು, ಮೂರನೆಯದು ತೆರೆದುಕೊಂಡಿತು. ಆ ದಿನ ಅವರ ಮುಖ ನೋಡಬೇಕಿತ್ತು! ಔಷಧದಂಗಡಿಯವರೊಬ್ಬರು ದಸರೆಯ ಗೊಂಬೆಗಳಿಗಾಗಿ ಏಳು ಮೆಟ್ಟಿಲಿನ ಪೀಠ ಮಾಡಿದರು. ವಿಜಯದಶಮಿ ಮುಗಿದೊಡನೆ ಅದು ಮಡಚಿ ಮಂಚದಡಿ ಸೇರಬೇಕೆಂಬುದು ಅವರ ಶ್ರೀಮತಿಯವರ ಷರತ್ತು. ಪೀಠ ಮಡಚಿತು, ಆದರೆ ಮಂಚದಡಿಗೆ ಎರಡಂಗುಲ ಹೆಚ್ಚಾಯಿತು. ಮರುವಾರ ಮಂಚದ ಕಾಲಿಗೆ ಎರಡಂಗುಲದ ಗುಬಟುಗಳು ಬಂದವು. ಇನ್ನೊಬ್ಬರದು ಇಷ್ಟೂ ಇಲ್ಲ: ಸಡಿಲವಾದ ಈಳಿಗೆಮಣೆ, ಕಾಲು ಅಲ್ಲಾಡುವ ಕುರ್ಚಿ, ಸಿಕ್ಕಿಕೊಳ್ಳುವ ಮೇಜಿನ ಖಾನೆ. ಖಾನೆಯ ಅಂಚಿಗೆ ಮೇಣದ ಬತ್ತಿ ಉಜ್ಜಿದರೆ ಸಲೀಸಾಗಿ ಜಾರುತ್ತದೆಂದು ನಮಗೆಲ್ಲ ಕಲಿಸಿದವರು ಅವರೇ.

ಇಂಥ ಕೆಲಸ ಬರಿಯ ಕಾಲಹರಣವೆಂದು ಎಣಿಸಬೇಕಾಗಿಲ್ಲ. ಫಿನ್‌ಲೆಂಡ್ ದೇಶ 1866ರಲ್ಲಿಯೇ ಶಾಲೆಗಳಲ್ಲಿ ಕೈಗೆಲಸವನ್ನು ಕಡ್ಡಾಯ ಪಾಠವಾಗಿಸಿತು. ಸ್ವೀಡನ್ನಿನಲ್ಲಿ ಮರಗೆಲಸದ ಮೂಲಕ ಮಕ್ಕಳ ಬುದ್ಧಿ ಮತ್ತು ಕೈಗಳನ್ನು ಒಟ್ಟಿಗೆ ಬೆಳೆಸುವ ‘ಸ್ಲಾಯ್ಡ್’ ಪದ್ಧತಿ ಹೆಸರಾಯಿತು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಮುಂದಿಟ್ಟ ಮೂಲಶಿಕ್ಷಣದಲ್ಲಿಯೂ ಕಸುಬಿಗೇ ಅಗ್ರಸ್ಥಾನ.

ನಮ್ಮ ಗುಂಪಿಗೆ ಒಂದು ನಿಯಮವಿದೆ. ಬೀಟೆ, ಶ್ರೀಗಂಧಗಳ ಗೊಡವೆಗೆ ಹೋಗುವುದಿಲ್ಲ. ಅವುಗಳಿಗೆ ಕಾನೂನಿನ ಕಟ್ಟುಪಾಡುಗಳಿವೆ. ಕೆಡವಿದ ಮನೆಗಳ ಹಳೆಯ ತೊಲೆ, ಮುರಿದ ಕಿಟಕಿ, ತೋಟದ ಸಿಲ್ವರ್ ಓಕ್, ಹಿತ್ತಿಲ ಹಲಸು ನಮಗೆ ಧಾರಾಳವಾಗಿ ಸಾಕು.

ಗಾಡಿಯ ಹಲಗೆ

ಚುಂಚನಕಟ್ಟೆಯನ್ನು ನೋಡಿದವರಿಗೆ ಅಲ್ಲಿ ಬಂಡೆಗಳ ನಡುವೆ ಧುಮುಕುವ ಕಾವೇರಿಯ ವರ್ಣನೆ ಬೇಕಾಗಿಲ್ಲ. ಪಕ್ಕದಲ್ಲಿಯೇ ಕೋದಂಡರಾಮನ ಗುಡಿ. ಹೊರಗೆ ಜಲಪಾತ ಎಷ್ಟು ಭೋರ್ಗರೆದರೂ ಗರ್ಭಗುಡಿಯೊಳಗೆ ಆ ಸದ್ದು ಕೇಳಿಸದೆಂದು ಹೇಳುತ್ತಾರೆ. ಸಂಕ್ರಾಂತಿಯ ಸುಮಾರಿಗೆ ಅಲ್ಲಿ ಸೇರುವ ದನಗಳ ಜಾತ್ರೆ, ಅದರಲ್ಲಿಯೂ ಹಳ್ಳಿಕಾರ್ ಎತ್ತುಗಳು, ಸುತ್ತಲ ಸೀಮೆಗೆಲ್ಲ ಪ್ರಸಿದ್ಧ.

ಎತ್ತಿಗೆ ಗಾಡಿ ಬೇಕಷ್ಟೆ. ಸಮೀಪದ ಹುಣಸೂರಿನಲ್ಲಿ 1864ರ ವರೆಗೆ ಅಮೃತಮಹಲ್ ದನಗಳ ಮುಖ್ಯ ಠಾಣ್ಯವಿತ್ತು; ಗಾಡಿ, ಬಂಡಿಗಳನ್ನು ಕಟ್ಟುವ ಸರ್ಕಾರಿ ಮರದ ಅಂಗಳವೂ ಇತ್ತು. ಅದು ಮುಚ್ಚಿದ ಮೇಲೂ ಆ ಊರಿನ ಗಾಡಿಗಳ ಹೆಸರು ಬಹುಕಾಲ ಉಳಿಯಿತು.

ನಮ್ಮ ಮನೆಯಲ್ಲಿಯೂ ಒಂದು ಗಾಡಿಯಿತ್ತು. ನನ್ನ ಅಜ್ಜ ಮಾಡಿಸಿದ್ದು. ಗಾಲಿ ಕೂರಿಸಿದವರು ಆಚಾರ್ರ ತಂದೆ. ಅಮ್ಮ ಮದುವೆಯಾಗಿ ಆ ಮನೆಗೆ ಬಂದದ್ದು ಅದೇ ಗಾಡಿಯಲ್ಲಿ. ಊರಿನಲ್ಲಿರುವ ತಮ್ಮ ಟ್ರ್ಯಾಕ್ಟರ್ ಕೊಂಡ ವರ್ಷ ಕೊನೆಯ ಜೋಡಿ ಎತ್ತುಗಳು ಜಾತ್ರೆಗೆ ಹೋದವು, ಹಿಂತಿರುಗಲಿಲ್ಲ. ಗಾಡಿ ಕೊಟ್ಟಿಗೆಯ ಪಕ್ಕದಲ್ಲಿ ಮಳೆಬಿಸಿಲಿಗೆ ಬಿದ್ದಿತು. ಕಳೆದ ವರ್ಷ ಯಾರೋ ವಿಹಾರಧಾಮದವರು ಅಂಗಳದ ಶೋಭೆಗಾಗಿ ಗಾಲಿಗಳನ್ನೂ ನೊಗವನ್ನೂ ಕೊಂಡೊಯ್ದರು. ಅಮ್ಮ ಅಂದು ಒಳಗಿನಿಂದ ಹೊರಗೆ ಬರಲೇ ಇಲ್ಲ.

ಉಳಿದದ್ದು ಒಲೆಗೆ ಹೋಗುವ ಮೊದಲು ನಾಲ್ಕು ಹಾಸುಹಲಗೆಗಳನ್ನು ನಾನು ಕೇಳಿ ಪಡೆದೆ. ಮೇಲೆಲ್ಲ ಬೂದಿಬಣ್ಣ, ಬಿರುಕು, ತುಕ್ಕಿನ ಮೊಳೆ. ಕಾಣದ ಮೊಳೆಯೊಂದು ನನ್ನ ಹೊಸ ಗರಗಸದ ಹಲ್ಲುಗಳನ್ನು ಮುರಿಯಿತು. ಆಮೇಲೆ ಉಜ್ಜುಗೊರಡನ್ನು ಹಾಯಿಸಿದೆ. ನಾಲ್ಕು ಎಳೆತಕ್ಕೆ ಬೂದಿ ಕಳಚಿ, ಒಳಗಿನಿಂದ ಹೊಂಬಣ್ಣ ಮೇಲೆದ್ದಿತು. ಹೊನ್ನೆ! ತಲೆಮಾರುಗಳ ಧೂಳಿನ ಕೆಳಗೆ ಮರ ತನ್ನ ಹೆಸರನ್ನು ಮರೆತಿರಲಿಲ್ಲ.

ಎರಡು ತಿಂಗಳ ಭಾನುವಾರಗಳು ಅದರಲ್ಲಿಯೇ ಕಳೆದವು. ಅಮ್ಮನಿಗೀಗ ಎಂಬತ್ತಾರು, ನೆಲದ ಮಣೆಯಲ್ಲಿ ಕೂತರೆ ಏಳಲಾಗದು. ಆದುದರಿಂದ ಮೊಳದೆತ್ತರದ ಒಂದು ಪುಟ್ಟ ಬೆಂಚು. ಕಾಲುಗಳನ್ನು ಚೌಕದ ತೂತಿಗೆ ಬಿಗಿಯಾಗಿ ಇಳಿಸುವ ಕೆಲಸ ನನಗೆ ಬಗೆಹರಿಯಲಿಲ್ಲ. ಆಚಾರ್ರಲ್ಲಿಗೆ ಹೋದೆ. ಅವರ ಮಗ ಬೆಂಗಳೂರಿನಲ್ಲಿ ಪ್ಲೈವುಡ್ ಬೀರುಗಳನ್ನು ಜೋಡಿಸುತ್ತಾನೆ, ಉಳಿ ಹಿಡಿಯುವುದಿಲ್ಲ. ಅವರು ಒಂದು ಕಾಲನ್ನು ತಾವೇ ಕೂರಿಸಿ ತೋರಿಸಿ, ಮೂರನ್ನು ನನ್ನಿಂದ ಮಾಡಿಸಿದರು. ದಿನಗೂಲಿಯನ್ನು ಮುಂದಿಟ್ಟೆ. ಬೇಡವೆಂದರು.

“ಹಂಗಲ್ಲ ಆಚಾರ್ರೇ, ನನಗೆ ಇದು ಹವ್ಯಾಸ, ನಿಮಗೆ ಅನ್ನ. ತಗೊಳ್ಳಿ” ಎಂದೆ. ತೆಗೆದುಕೊಂಡರು. “ಮುಂದಿನ ತಿಂಗಳು ನಿನ್ನ ಸ್ನೇಹಿತರನ್ನೂ ಕರ್ಕೊಂಡ್ ಬಾ, ಕಲಿಸ್ತೀನಿ” ಎಂದರು. ಈಗ ಐವರೂ ಹೋಗುತ್ತೇವೆ. ಕೂಲಿಯನ್ನು ಹಂಚಿಕೊಂಡು ಕೊಡುತ್ತೇವೆ. ಅವರ ಅಂಗಳದಲ್ಲಿ ಉಳಿ ಹಿಡಿದು ಕುಳಿತಾಗ ಹೊರಗಿನ ಯಾವ ಗದ್ದಲವೂ ಕಿವಿಗೆ ಬೀಳುವುದಿಲ್ಲ. ಗರ್ಭಗುಡಿಯ ಆ ಮಾತು ನೆನಪಾಗುತ್ತದೆ.

ಬೆಂಚನ್ನು ಊರಿಗೆ ಒಯ್ದು ಜಗಲಿಯ ಮೇಲಿಟ್ಟೆ. ಯಾವ ಮರವೆಂದು ಹೇಳಲಿಲ್ಲ. ಅಮ್ಮ ಕುಳಿತಳು. ಅಂಚನ್ನು ಕೈಯಿಂದ ತಡವಿದಳು. ಹಗ್ಗ ಉಜ್ಜಿ ಉಜ್ಜಿ ಸವೆದಿದ್ದ ಒಂದು ಕಚ್ಚನ್ನು ನಾನು ಬೇಕೆಂದೇ ಉಳಿಸಿದ್ದೆ. ಬೆರಳು ಅಲ್ಲಿ ನಿಂತಿತು.

“ಇದು ನಮ್ಮ ಗಾಡಿ ಹಲಗೆ ಅಲ್ವೇನೋ?”

“ಹೂಂ, ಅಮ್ಮ.”

ಸ್ವಲ್ಪ ಹೊತ್ತು ಸುಮ್ಮನೆ ಬೀದಿಯ ಕಡೆ ನೋಡುತ್ತಿದ್ದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

“ಇನ್ನೇನು, ಎತ್ತು ಕಟ್ಟಿದ್ರೆ ಆಯ್ತು. ಹೊರಡೋಣ.”