ಎಕ್ಸೆಲ್ ಶೀಟ್ ಲಾಕ್ ಮಾಡಿದರೆ ಊರಿನ ಹೆಸರು ಅನುವಾದವಾಗುವುದಿಲ್ಲವೇ?

ಹೇಳಿಕೆ: ಎಕ್ಸೆಲ್‌ನಲ್ಲಿ ಸೆಲ್‌ಗಳನ್ನು ಲಾಕ್ ಮಾಡಿ ಶೀಟ್‌ಗೆ ಪಾಸ್‌ವರ್ಡ್ ಹಾಕಿದರೆ ಸಾಕು, ಅನುವಾದ ತಂತ್ರಾಂಶ ಅವುಗಳನ್ನು ಮುಟ್ಟುವುದಿಲ್ಲ.

ವಾಸ್ತವ: ತಪ್ಪು. ಶೀಟ್ ಲಾಕ್ ಎಂಬುದು ನಾವು ಕೈತಪ್ಪಿ ಬದಲಿಸದಂತೆ ತಡೆಯುತ್ತದೆ, ಅಷ್ಟೇ. ಅನುವಾದ ತಂತ್ರಾಂಶ ಎಕ್ಸೆಲ್ ಅನ್ನು ತೆರೆದು ಟೈಪ್ ಮಾಡುವುದಿಲ್ಲ. ಅದು ಫೈಲ್‌ನ ಒಳಗಿರುವ ಪಠ್ಯವನ್ನು ನೇರವಾಗಿ ಓದುತ್ತದೆ. ಲಾಕ್ ಅದಕ್ಕೆ ಅಡ್ಡಿಯಲ್ಲ.

ಇದರಿಂದ ಏನು ತೊಂದರೆ? ಸೊರಬ ಮತ್ತು ಶಿಕಾರಿಪುರ ತಾಲ್ಲೂಕುಗಳ ಊರುಗಳ ಪಟ್ಟಿಯನ್ನೇ ತೆಗೆದುಕೊಳ್ಳೋಣ. ಸೊರಬದಲ್ಲಿ ಜಡೆ ಎಂಬ ಹೋಬಳಿ ಇದೆ. ಇಂಗ್ಲಿಷ್‌ಗೆ ಹೋದರೆ ಅದು ಹೆಣ್ಣುಮಕ್ಕಳ ತಲೆಯ ಜಡೆಯಾಗಬಹುದು. ಶಿಕಾರಿಪುರದ ಹೊಸೂರು ‘ಹೊಸ ಪಟ್ಟಣ’ ಆಗಬಹುದು. ನಗು ಬರುತ್ತದೆ, ನಿಜ. ಆದರೆ ಅದೇ ಪಟ್ಟಿಯಲ್ಲಿ ಫಲಾನುಭವಿಯ ಹೆಸರೂ ಇದ್ದು, ಅದು ಬ್ಯಾಂಕ್ ಪಾಸ್‌ಬುಕ್‌ನಲ್ಲಿರುವ ಹೆಸರಿಗೆ ಹೊಂದದಿದ್ದರೆ ಅಲೆದಾಟ ತಪ್ಪಿದ್ದಲ್ಲ.

ಅಡಿಕೆ ದರದ ಪಟ್ಟಿ ಇನ್ನೂ ಸೂಕ್ಷ್ಮ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬವು ಮಲೆನಾಡಿನ ಮಂಡಿಗಳಲ್ಲಿ ಅಡಿಕೆಯ ಬಗೆಗಳು. ಸರಕಿಗೂ ಗೊರಬಲಿಗೂ ದರದಲ್ಲಿ ಅಜಗಜಾಂತರ. ಯಂತ್ರಕ್ಕೆ ಮಾತ್ರ ‘ರಾಶಿ’ ಎಂದರೆ ಗುಡ್ಡೆ ಅಥವಾ ಜ್ಯೋತಿಷ್ಯದ ರಾಶಿ, ‘ಸರಕು’ ಎಂದರೆ ಯಾವುದೋ ಸಾಮಾನು. ಸಾಮಾನಿಗೆ ಕ್ವಿಂಟಲ್‌ಗೆ ಇಷ್ಟು ಎಂದು ಬಂದ ಫಾರ್ವರ್ಡ್‌ನಿಂದ ಹೊರಗಿನ ಖರೀದಿದಾರನಿಗೆ ಏನು ತಿಳಿದೀತು?

ಸಂದರ್ಭ ತಿಳಿಯದ ಯಂತ್ರ ಎಷ್ಟು ದೂರ ಹೋಗಬಲ್ಲದು ಎಂಬುದನ್ನು 2025ರ ಜುಲೈನಲ್ಲಿ ಕರ್ನಾಟಕವೇ ನೋಡಿದೆ. ನಟಿ ಬಿ. ಸರೋಜಾದೇವಿ ಅವರ ನಿಧನಕ್ಕೆ ಸಂಬಂಧಿಸಿದ ಕನ್ನಡ ಪೋಸ್ಟ್‌ನ ಸ್ವಯಂಚಾಲಿತ ಅನುವಾದದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರೇ ತೀರಿಕೊಂಡಂತೆ ಬಂದಿತ್ತು. ಮೆಟಾ ಕ್ಷಮೆ ಕೇಳಿತು. ಅಲ್ಲಿ ಪೂರ್ತಿ ವಾಕ್ಯಗಳಿದ್ದವು. ಎಕ್ಸೆಲ್ ಸೆಲ್‌ನಲ್ಲಿ ಇರುವುದು ಒಂಟಿ ಪದ, ಹಿಂದುಮುಂದಿನ ಸುಳಿವೂ ಇಲ್ಲ.

ಹಾಗಾದರೆ ಬಿಡಿಸುವುದು ಹೇಗೆ? ಟ್ರಾಡೋಸ್, ಮೆಮೊಕ್ಯೂನಂಥ ಅನುವಾದಕರ ತಂತ್ರಾಂಶಗಳಲ್ಲಿ ಫೈಲ್ ಸೇರಿಸುವಾಗಲೇ ಸೆಟ್ಟಿಂಗ್ ಇರುತ್ತದೆ. ಅನುವಾದ ಬೇಡದ ಕಾಲಂ ಅಥವಾ ಸಾಲನ್ನು ಎಕ್ಸೆಲ್‌ನಲ್ಲಿ ಮೊದಲೇ ಹೈಡ್ ಮಾಡಿ, ಮರೆಯಾಗಿರುವುದನ್ನು ಕೈಬಿಡುವಂತೆ ಸೂಚಿಸಬಹುದು. ಕೆಲವು ತಂತ್ರಾಂಶಗಳಲ್ಲಿ ನಿರ್ದಿಷ್ಟ ಬಣ್ಣ ತುಂಬಿದ ಸೆಲ್‌ಗಳನ್ನು ಬಿಡಿಸುವ ಆಯ್ಕೆಯೂ ಇದೆ. ಫೈಲ್ ಸೇರಿಸಿದ ಮೇಲೆ ಸೆಟ್ಟಿಂಗ್ ಬದಲಿಸಿದರೆ ಪ್ರಯೋಜನವಿಲ್ಲ, ಮತ್ತೊಮ್ಮೆ ಸೇರಿಸಬೇಕು. ಇನ್ನೊಂದು ಎಚ್ಚರಿಕೆ: ಒಂದೇ ಪದ ಎರಡು ಕಡೆ ಇದ್ದರೆ, ಒಂದು ಕಡೆ ಮಾಡಿದ ಅನುವಾದವನ್ನು ಇಂಥ ತಂತ್ರಾಂಶ ಇನ್ನೊಂದು ಕಡೆಗೂ ತಾನೇ ತುಂಬುತ್ತದೆ. ‘ಜಯ’ ಒಂದು ಸಾಲಿನಲ್ಲಿ ಭತ್ತದ ತಳಿ, ಇನ್ನೊಂದರಲ್ಲಿ ಮನುಷ್ಯರ ಹೆಸರು, ಟಿಪ್ಪಣಿಯಲ್ಲಿ ಗೆಲುವು.

ಮೊಬೈಲ್‌ನಲ್ಲೇ ಕೆಲಸ ಮಾಡುವವರಿಗೆ ನಮ್ಮ ಸಲಹೆ ಸರಳ. ಕ್ರಮಸಂಖ್ಯೆಯ ಕಾಲಂ ಹಾಕಿ, ಅನುವಾದ ಬೇಕಾದ ಕಾಲಂ ಅನ್ನು ಆ ಸಂಖ್ಯೆಯ ಜೊತೆ ಬೇರೆ ಫೈಲ್‌ಗೆ ಒಯ್ಯಿರಿ, ಅನುವಾದಿಸಿ ವಾಪಸ್ ತನ್ನಿ. ಸಾಲುಗಳು ಅದಲುಬದಲಾದರೂ ಸಂಖ್ಯೆ ನೋಡಿ ಸರಿಪಡಿಸಬಹುದು. ಬಿಟ್ಟ ಹೆಸರುಗಳು ಕನ್ನಡದಲ್ಲೇ ಉಳಿಯುತ್ತವೆ. ಅವುಗಳ ಇಂಗ್ಲಿಷ್ ಕಾಗುಣಿತವನ್ನು ಆಧಾರ್ ಅಥವಾ ಪಾಸ್‌ಬುಕ್ ನೋಡಿ ಕೈಯಿಂದಲೇ ಬರೆಯಬೇಕು.

ಸರ್ವೆ ನಂಬರ್ ವಿಷಯದಲ್ಲಿ ಅನುವಾದಕ್ಕೂ ಮೊದಲೇ ಎಕ್ಸೆಲ್ ಕೈಕೊಡುತ್ತದೆ. 12/3 ಎಂದು ಬರೆದರೆ ಅದನ್ನು ತಾರೀಖು ಎಂದುಕೊಳ್ಳುತ್ತದೆ. ವಿಜ್ಞಾನಿಗಳಿಗೂ ಇದೇ ಕಾಟ: ‘ಮಾರ್ಚ್ 1’, ‘ಸೆಪ್ಟ್ 1’ ಎಂಬಂಥ ಜೀನ್ ಹೆಸರುಗಳು ತಾರೀಖಾಗಿ ಬದಲಾಗುತ್ತಿದ್ದ ಕಾರಣ, ಮಾನವ ಜೀನ್‌ಗಳಿಗೆ ಹೆಸರಿಡುವ ಸಮಿತಿ ಕೊನೆಗೆ ಜೀನ್‌ಗಳ ಹೆಸರನ್ನೇ ಬದಲಿಸಿತು. 2020ರ ಅದರ ಮಾರ್ಗಸೂಚಿಯಲ್ಲಿ ಈ ಕಾರಣವೂ ಇದೆ. ನಮ್ಮ ಪಹಣಿಯ ನಂಬರ್ ಬದಲಿಸಲು ಆಗುವುದಿಲ್ಲವಲ್ಲ! ಆದ್ದರಿಂದ ಆ ಕಾಲಂ ಅನ್ನು ಟೈಪ್ ಮಾಡುವ ಮೊದಲೇ ‘ಟೆಕ್ಸ್ಟ್’ ಮಾದರಿಗೆ ಬದಲಿಸಿಕೊಳ್ಳಿ.

ಗ್ರೂಪ್‌ಗೆ ಬಂದ ಅಡಿಕೆ ದರದ ಇಂಗ್ಲಿಷ್ ಪಟ್ಟಿಯಲ್ಲಿ ‘ಹೀಪ್’, ‘ಗೂಡ್ಸ್’ ಎಂಬ ಪದ ಕಂಡರೆ, ಮುಂದೆ ಕಳಿಸುವ ಮೊದಲು ಕನ್ನಡದ ಮೂಲ ಪಟ್ಟಿಯನ್ನು ಕೇಳಿ.