ಹೊಲದ ಉತಾರ, ಹೆಳವನ ಹೊತ್ತಿಗೆ

ಕೃಷ್ಣಾತೀರದ ಸೀಮೆಯಲ್ಲಿ, ಉಗಾರ ಕಾಗವಾಡಗಳ ನೆರೆಯಲ್ಲಿರುವ ಶಿರಗುಪ್ಪಿಯಂಥ ಊರಿನ ರೈತನೊಬ್ಬನನ್ನು ಅಜ್ಜನ ಹೆಸರು ಕೇಳಿದರೆ ಆತನು ತಡವಿಲ್ಲದೆ ಹೇಳುತ್ತಾನೆ. ಮುತ್ತಜ್ಜನ ಹೆಸರನ್ನು ತುಸು ಯೋಚಿಸಿ ಹೇಳುತ್ತಾನೆ. ಅದರಾಚೆಗೆ ಕೇಳಿದರೆ, ‘ನಮ್ಮ ಹಿರ್ಯಾರು ಎಲ್ಲಿಂದಲೋ ಬಂದವರಂತ್ರೀ’ ಎಂದು ಸುಮ್ಮನಾಗುತ್ತಾನೆ. ಆದರೆ ರಾಣಿ ವಿಕ್ಟೋರಿಯಾಳ ಕಾಲದಲ್ಲಿ ಇದೇ ಎರೆಭೂಮಿಯಲ್ಲಿ ಜೋಳ ಬಿತ್ತಿದ ಆ ಹಿರಿಯನು ಕುರುಹಿಲ್ಲದೆ ಅಳಿದುಹೋದವನಲ್ಲ. ಅವನನ್ನು ಹುಡುಕತಕ್ಕ ದಾರಿ ಯಾವುದೆಂಬುದನ್ನು ಮಾತ್ರ ಮೊದಲು ತಿಳಿದಿರಬೇಕು.

ಆಂಗ್ಲದೇಶದಲ್ಲಿ ಈ ದಾರಿ ಬೇರೆಯಾದುದು. ಅಲ್ಲಿ 1538ರಿಂದಲೇ ಪ್ರತಿಯೊಂದು ಚರ್ಚಿನಲ್ಲಿ ನಾಮಕರಣ, ವಿವಾಹ, ಶವಸಂಸ್ಕಾರಗಳನ್ನು ಬರೆದಿಡಬೇಕೆಂಬ ಆಜ್ಞೆಯಿತ್ತು. 1837ರ ಜುಲೈ 1ರಿಂದ ಸರಕಾರವೇ ಜನನಮರಣಗಳ ನೋಂದಣಿಯನ್ನು ಆರಂಭಿಸಿತು. 1841ರ ಜನಗಣತಿಯಲ್ಲಿ ಮನೆಮನೆಯವರ ಹೆಸರು, ವಯಸ್ಸು, ಕಸುಬುಗಳೂ, 1851ರದರಲ್ಲಿ ಅವರವರ ಹುಟ್ಟೂರುಗಳೂ ದಾಖಲಾಗಿ, ಆ ಹಾಳೆಗಳು ಇಂದಿಗೂ ಉಳಿದಿವೆ. ಆದುದರಿಂದ ಅಂಗುಲ ಭೂಮಿಯಿಲ್ಲದ ಹಳ್ಳಿಯ ಕೂಲಿಗಾರನನ್ನೂ ಅಲ್ಲಿ ದಶಕದಿಂದ ದಶಕಕ್ಕೆ ಹಿಂಬಾಲಿಸಿ ಹೋಗುವುದು ಶಕ್ಯ. ನಮ್ಮಲ್ಲಿಯೂ 1872ರಲ್ಲಿ ಒಮ್ಮೆ, ಬಳಿಕ 1881ರ ಫೆಬ್ರುವರಿ 17ರಂದು ದೇಶಾದ್ಯಂತ ಒಂದೇ ಸಲ ತಲೆಯೆಣಿಕೆ ನಡೆಯಿತಾದರೂ, ಅಂಕಿಗಳನ್ನು ತೆಗೆದುಕೊಂಡ ಮೇಲೆ ಮನೆವಾರು ಪಟ್ಟಿಗಳನ್ನು ಕಾಪಾಡಲಿಲ್ಲ. ಜನಗಣತಿಯನ್ನು ನಂಬಿ ಹೊರಟವನು ಇಲ್ಲಿ ಬರಿಗೈಯಲ್ಲಿ ಮರಳಬೇಕಾಗುತ್ತದೆ.

ನಮ್ಮ ಸರಕಾರಗಳು ಮನುಷ್ಯನಿಗಿಂತ ಮಣ್ಣನ್ನು ಹೆಚ್ಚು ಜಾಗರೂಕತೆಯಿಂದ ಬರೆದಿಟ್ಟವು. 1818ರಲ್ಲಿ ಪೇಶವೆಯರ ಆಳಿಕೆ ಮುಗಿದು, 1836ರಲ್ಲಿ ಧಾರವಾಡದಿಂದ ಬೇರ್ಪಟ್ಟು ಬೆಳಗಾವಿ ಜಿಲ್ಲೆಯಾದ ಹೊತ್ತಿಗೆ, ಪುಣೆಯ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟರೆಂಬ ಅಧಿಕಾರಿಗಳು ಹೊಸ ಪೈಮಾಶಿಯನ್ನು ಆರಂಭಿಸಿದ್ದರು. ಅದೇ ಪದ್ಧತಿ ಮುಂದೆ ನಮ್ಮ ಸೀಮೆಗೂ ಬಂದಿತು. ಮೂವತ್ತಮೂರು ಅಡಿಯ ಸರಪಣಿಯನ್ನು ಎಳೆದು, ಆ ಅಳತೆಯ ಚೌಕವೊಂದನ್ನು ಗುಂಟೆಯೆಂದೂ, ಅಂಥ 40 ಗುಂಟೆಗಳನ್ನು ಎಕರೆಯೆಂದೂ ಲೆಕ್ಕಹಾಕಿ, ಹೊಲಹೊಲಕ್ಕೆ ಸರ್ವೆ ನಂಬರು ಕೊಟ್ಟು, ಮಣ್ಣಿನ ಗುಣವನ್ನು ಆಣೆಗಳಲ್ಲಿ ನಿರ್ಣಯಿಸಿ, ಕಂದಾಯ ತೆರತಕ್ಕವನ ಹೆಸರನ್ನು ಖಾತೆಗೆ ಬರೆದರು. ‘ಭರಮಪ್ಪ ಬಿನ್ ಸಾತಪ್ಪ’ ಎಂಬಂಥ ಒಂದು ನಮೂದು ಸಿಕ್ಕಿತೆಂದರೆ ಎರಡು ತಲೆಮಾರು ಒಮ್ಮೆಲೇ ಕೈಗೆ ಬಂದಂತೆ. ಮೂವತ್ತು ವರ್ಷಗಳಿಗೊಮ್ಮೆ ಕಂದಾಯದ ಪುನರ್ನಿಷ್ಕರ್ಷೆಯಾಗುತ್ತಿದ್ದುದರಿಂದ ತಂದೆಯ ಹೆಸರಿದ್ದಲ್ಲಿ ಮಗನ ಹೆಸರು ಬಂದಿರುವುದೂ ಕಾಣುತ್ತದೆ. 1903ರ ಕಾಯಿದೆಯಿಂದ ಹಕ್ಕುದಾಖಲೆಗಳು ಹುಟ್ಟಿದ ಮೇಲಂತೂ ವಾರಸಾ, ವಾಟ್ನಿ, ಖರೀದಿಗಳೆಲ್ಲ ಹಕ್ಕುಬದಲಾವಣೆಯ ಡೈರಿಯ ನಂಬರಿನೊಡನೆ ಉತಾರದಲ್ಲಿ, ಎಂದರೆ ಪಹಣಿಯಲ್ಲಿ, ಬಂದವು. ಆದುದರಿಂದ ಇಂದಿನ ಉತಾರದಿಂದ ಹಳೆಯದಕ್ಕೆ, ಅಲ್ಲಿಂದ ಸರ್ವೆ ಪುಸ್ತಕಕ್ಕೆ, ಹೀಗೆ ಸರ್ವೆ ನಂಬರನ್ನು ಹಿಡಿದು ಹಿಂದೆ ನಡೆಯುವುದೇ ನಮ್ಮ ಶೋಧದ ರಾಜಮಾರ್ಗ. ಇದರೊಡನೆ, 1864ರ ಕಾಯಿದೆಯ ತರುವಾಯ ನೋಂದಣಿಯಾದ ಸಾಲದ ಮತ್ತು ಖರೀದಿಯ ಪತ್ರಗಳಲ್ಲಿ ಬರೆದುಕೊಟ್ಟವನ ತಂದೆಯ ಹೆಸರು, ಉದ್ಯೋಗ, ವಾಸದ ಊರುಗಳು ಇರುವುದರಿಂದ ಅವನ್ನೂ ನೋಡತಕ್ಕದ್ದು.

ಈ ಮಾರ್ಗದಲ್ಲಿ ಎಡರುಗಳುಂಟು. ಇಲ್ಲಿನ ಕಚೇರಿಯ ಭಾಷೆ ಬಹುಕಾಲ ಮರಾಠಿ, ಬರೆಯುವ ಲಿಪಿ ಮೋಡಿ. ಪದಪದಗಳ ನಡುವೆ ತೆರಪಿಲ್ಲದೆ, ಹ್ರಸ್ವದೀರ್ಘಗಳ ಭೇದವಿಲ್ಲದೆ ಹರಿಯುವ ಆ ಬರಹದಲ್ಲಿ ಕನ್ನಡದ ಹೆಸರುಗಳು ಗುರುತು ಸಿಗದಂತೆ ಅಡಗಿರುತ್ತವೆ. ಮೊಮ್ಮಗನಿಗೆ ಅಜ್ಜನ ಹೆಸರಿಡುವ ರೂಢಿಯಿಂದಾಗಿ ಒಂದೇ ಹೆಸರು ಒಂದು ತಲೆಮಾರು ಬಿಟ್ಟು ಮರಳಿ ಬಂದು, ಇಬ್ಬರು ಭರಮಪ್ಪರು ಒಬ್ಬನೇ ಆಗಿಬಿಡುವ ಭಯವುಂಟು. ಅವಿಭಕ್ತ ಕುಟುಂಬದಲ್ಲಿ ಖಾತೆ ಹಿರಿಯನ ಹೆಸರಿನಲ್ಲಿರುವುದರಿಂದ ತಮ್ಮಂದಿರು ಇದ್ದೂ ಇಲ್ಲದಂತಾಗುತ್ತಾರೆ. ಶಕವರ್ಷಕ್ಕೆ 78, ಕಂದಾಯದ ಫಸಲಿ ವರ್ಷಕ್ಕೆ 590 ಕೂಡಿಸಿದರೆ ಸುಮಾರಾಗಿ ಇಂಗ್ರೇಜಿ ವರ್ಷ ದೊರೆಯುತ್ತದೆ. ಸಂವತ್ಸರವಾದರೋ ಅರುವತ್ತು ವರ್ಷಕ್ಕೊಮ್ಮೆ ತಿರುಗಿ ಬರುವುದು. ‘ಧಾತು ಸಂವತ್ಸರದಲ್ಲಿ ಹುಟ್ಟಿದವ’ ಎಂದಷ್ಟೇ ಹೇಳಿದರೆ ಅದು 1816 ಆಗಬಹುದು, 1876 ಆಗಬಹುದು. ‘ದೊಡ್ಡ ಬರದಲ್ಲಿ ಹುಟ್ಟಿದವ’ ಎಂಬ ಮಾತು ಸೇರಿದಾಗ 1876–77 ಎಂದು ನಿಶ್ಚಯವಾಗುತ್ತದೆ.

ಇಷ್ಟೇ ಅಲ್ಲದೆ, ಈ ಸೀಮೆಯಲ್ಲಿ ಕುಂಪಣಿಯ ಊರಿನ ಮಗ್ಗುಲಲ್ಲಿಯೇ ಸಂಸ್ಥಾನದ ಊರು. ಸಾಂಗಲಿ, ಮೀರಜ, ಕುರುಂದವಾಡ, ಜಮಖಂಡಿಗಳ ಪಟವರ್ಧನರು ಒಂದು ಕಡೆ, ರಾಯಬಾಗವನ್ನು ಆಳುತ್ತಿದ್ದ ಕೊಲ್ಹಾಪುರದ ಛತ್ರಪತಿಗಳು ಇನ್ನೊಂದು ಕಡೆ. ಹಿರಿಯನು ನಾಲ್ಕು ಹರದಾರಿ ಸರಿದು ನೆಲೆಸಿದರೂ ಬೇರೊಂದು ಸರಕಾರದ ದಫ್ತರಕ್ಕೆ ಸೇರಿಬಿಡುತ್ತಿದ್ದನು. 1948–49ರಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ, 1956ರ ನವೆಂಬರ್ 1ರಂದು ಬೆಳಗಾವಿ ಮೈಸೂರು ರಾಜ್ಯಕ್ಕೆ ಬಂದುದರಿಂದ, ಒಂದೇ ಮನೆತನದ ಕಾಗದಗಳನ್ನು ಅಥಣಿ, ಬೆಳಗಾವಿಗಳಲ್ಲಿಯೂ ಗಡಿಯಾಚೆಯ ಕೊಲ್ಹಾಪುರ, ಪುಣೆಗಳಲ್ಲಿಯೂ ಅರಸಬೇಕಾಗಬಹುದು. ಮನೆತನದ ಅಡ್ಡಹೆಸರು ಇಲ್ಲಿ ಸಹಾಯಕ್ಕೆ ಬರುತ್ತದೆ. ‘ಶಿರಗುಪ್ಪಿ’ ಎಂಬ ಅಡ್ಡಹೆಸರು ಶಿರಗುಪ್ಪಿಯಲ್ಲಿ ನಿಂತವರಿಗೆ ಬೇಕಾಗದು, ಅಲ್ಲಿಂದ ಹೊರಟುಹೋದವರಿಗೆ ಬೀಳುವುದು. ಆದರೆ ಹುಬ್ಬಳ್ಳಿಯ ಬಳಿಯಲ್ಲಿಯೂ ಒಂದು ಶಿರಗುಪ್ಪಿಯಿದೆ ಎಂಬುದನ್ನು ಮರೆಯಲಾಗದು.

ಕಾಗದ ಮುಗಿದಲ್ಲಿ ಹೆಳವನ ಮಾತು ಮೊದಲಾಗುತ್ತದೆ. ಸುಗ್ಗಿ ಮುಗಿದ ಮೇಲೆ ಎತ್ತಿನೊಡನೆ ಊರಿಗೆ ಬಂದು, ಮನೆಯ ಮುಂದೆ ನಿಂತು, ಮೂಲಪುರುಷನಿಂದ ತೊಡಗಿ ಆತನು ಯಾವ ಊರಿನಿಂದ ಬಂದನು, ಆತನ ಕುಲದ ಬೆಡಗು ಯಾವುದು, ಮಕ್ಕಳೆಷ್ಟು, ಯಾವ ಕವಲು ಎಲ್ಲಿಗೆ ಹೋಯಿತೆಂಬುದನ್ನು ನಿರರ್ಗಳವಾಗಿ ಹೊಗಳುವ ಈ ವಂಶಗಾಯಕರಲ್ಲಿ, ಇಂತಿಂಥ ಮನೆತನಗಳು ಇಂತಿಂಥವರಿಗೆಂದು ಪರಂಪರೆಯಿಂದ ಹಂಚಿಕೆಯಾಗಿರುತ್ತದೆ. ಹಿಂದಿನ ಭೇಟಿಯ ತರುವಾಯ ಹುಟ್ಟಿದ ಕೂಸುಗಳ ಹೆಸರನ್ನು ಹೊತ್ತಿಗೆಗೆ ಸೇರಿಸಿಕೊಂಡು, ಕಾಳು, ಬಟ್ಟೆ, ರೊಕ್ಕಗಳನ್ನು ಪಡೆದು ಅವರು ಮುಂದಿನ ಊರಿಗೆ ನಡೆಯುತ್ತಾರೆ. ಹೆಳವನಲ್ಲಿ ಹೆಸರುಗಳ ಸರಣಿಯಿದೆ, ಕಾಲನಿರ್ದೇಶವಿಲ್ಲ. ಸರ್ವೆ ಪುಸ್ತಕದಲ್ಲಿ ಕಾಲವಿದೆ, ಸರಣಿಯಿಲ್ಲ. ಒಂದನ್ನು ಇನ್ನೊಂದರಿಂದ ಪರೀಕ್ಷಿಸಿದಾಗಲೇ ವಂಶಾವಳಿ ನಂಬತಕ್ಕದ್ದಾಗುತ್ತದೆ.

ಯಾವ ದಾಖಲೆಯೂ ನಮ್ಮ ಕುತೂಹಲಕ್ಕಾಗಿ ಹುಟ್ಟಿದುದಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಸರಕಾರ ನೆನಪಿಟ್ಟುದು ಕಂದಾಯ ಕೊಟ್ಟವರನ್ನು, ಹೆಳವ ನೆನಪಿಟ್ಟುದು ಕಾಳು ಕೊಟ್ಟವರನ್ನು. ಹೊಲವೂ ಇಲ್ಲದ, ಕಣಜವೂ ಇಲ್ಲದ ಕೂಲಿಯವರ ಹಿರಿಯರು ಎರಡರಲ್ಲಿಯೂ ಕಾಣಿಸುವುದು ವಿರಳ. ಊರಿನ ಸೇವೆಗೆ ವತನ ಪಡೆದಿದ್ದ ಮನೆತನಗಳು ಮಾತ್ರ, ಗೌಡ ಕುಲಕರ್ಣಿಗಳಿರಲಿ, ಹೊಲೆಯ ವತನದಾರರಿರಲಿ, 1874ರ ವತನ ಕಾಯಿದೆಯ ಪುಸ್ತಕಗಳಲ್ಲಿ ವಾರಸುದಾರರ ಸಮೇತ ದೊರೆಯಬಲ್ಲವು. ಇನಾಮು ಪಡೆದಿದ್ದವರ ವಂಶವೃತ್ತಾಂತ, 1852ರ ಕಾಯಿದೆಯಂತೆ ನಡೆದ ಇನಾಮು ಕಮಿಷನ್ನಿನ ವಿಚಾರಣೆಯ ಕಾಗದಗಳಲ್ಲಿ ಇರಬಹುದು. ಹೆಣ್ಣುಮಕ್ಕಳಾದರೋ ಬಹುಮಟ್ಟಿಗೆ ಗಂಡ ಸತ್ತು, ಮಗ ಇನ್ನೂ ಅಪ್ರಾಪ್ತವಯಸ್ಕನಾಗಿದ್ದು, ಪಾಲನಕರ್ತಳಾಗಿ ಹೆಸರು ಬರೆಸಬೇಕಾಗಿ ಬಂದಾಗಲಷ್ಟೇ ಖಾತೆಯಲ್ಲಿ ತಲೆದೋರುತ್ತಾರೆ.

ಇಂಥ ಹಳೆಯ ನಮೂದುಗಳ ಬೆಲೆ ಇಂದಿಗೂ ಕಡಿಮೆಯಾಗಿಲ್ಲ. 2023ರಲ್ಲಿ ಮಹಾರಾಷ್ಟ್ರ ಸರಕಾರವು ನಿವೃತ್ತ ನ್ಯಾಯಮೂರ್ತಿ ಸಂದೀಪ ಶಿಂಧೆಯವರ ಸಮಿತಿಯನ್ನು ನೇಮಿಸಿ, ಮರಾಠಾ ಮನೆತನಗಳ ಪೂರ್ವಿಕರು ಕುಣಬಿಗಳೆಂದು ಬರೆಯಲ್ಪಟ್ಟಿರುವ ದಾಖಲೆಗಳನ್ನು ಹುಡುಕಿಸತೊಡಗಿದಾಗ, ಮೂಲೆ ಸೇರಿದ್ದ ಮೋಡಿ ಓದುವವರಿಗೆ ಹಠಾತ್ತನೆ ಬೇಡಿಕೆ ಬಂದಿತು. ಮುತ್ತಜ್ಜನ ಹೆಸರಿನ ಮುಂದಿನ ಒಂದು ಶಬ್ದ ಮರಿಮಗನ ಶಿಕ್ಷಣ, ಉದ್ಯೋಗಗಳ ಮೀಸಲಾತಿಗೆ ಸಾಕ್ಷಿಯಾಯಿತು.

ಶೋಧಕ್ಕೆ ಹೊರಡುವವರು ಮೊದಲು ಮನೆಯ ಅತ್ಯಂತ ಹಿರಿಯಳನ್ನು ಕುಳ್ಳಿರಿಸಿಕೊಂಡು ಕೇಳಲಿ. ಯಾವ ಹೊಲ ಯಾರಿಂದ ಬಂದಿತು, ಯಾವ ಅತ್ತೆ ಯಾವ ಊರಿನವಳು ಎಂಬುದು ಆಕೆಗೆ ತಿಳಿದಷ್ಟು ತಹಶೀಲ ಕಚೇರಿಗೆ ತಿಳಿದಿರದು. ಬಳಿಕ ಪೆಟ್ಟಿಗೆಯ ಕಾಗದಗಳನ್ನು ನೋಡಿ, ಸರ್ವೆ ನಂಬರುಗಳನ್ನು ಗುರುತಿಸಿಕೊಂಡು ಕಚೇರಿಗೆ ಹೋಗಲಿ. ಹೆಳವನು ಬಂದಾಗ ಕಾಳು ಕೊಟ್ಟು ಕಳಿಸುವುದಷ್ಟೇ ಅಲ್ಲದೆ, ಆತನು ಹೇಳಿದುದನ್ನು ಬರೆದುಕೊಂಡು, ಆತನ ಹೊತ್ತಿಗೆಯಲ್ಲಿ ಮನೆಯ ಹೆಣ್ಣುಮಕ್ಕಳ ಹೆಸರನ್ನೂ ಬರೆಯಿಸಲಿ.